ನಿಂತ ಯಂತ್ರ ಸುಮ್ಮನಿರಲಿಲ್ಲ: ಟ್ರ್ಯಾಕಿಂಗ್ ಜೊತೆ ಮೂರು ವರ್ಷ

ನಮ್ಮಲ್ಲಿ 12 ಟಿಪ್ಪರ್, 3 ಎಕ್ಸ್‌ಕವೇಟರ್, 2 ಕಾಂಕ್ರೀಟ್ ಮಿಕ್ಸರ್ ಗಾಡಿಗಳಿವೆ. ಎಲ್ಲಕ್ಕೂ ಟ್ರ್ಯಾಕರ್, ಅಂದರೆ ಗಾಡಿ ಎಲ್ಲಿದೆ ಎಂದು ಜಿಪಿಎಸ್‌ನಿಂದ ತಿಳಿಸುವ ಪೆಟ್ಟಿಗೆ, ಹಾಕಿಸಿ ಮೂರು ವರ್ಷವಾಯಿತು. ಮ್ಯಾಪ್, ಅಲರ್ಟ್, ಜಿಯೋಫೆನ್ಸ್ (ಗಾಡಿ ಗಡಿ ದಾಟಿದರೆ ತಿಳಿಸಲು ಮ್ಯಾಪಿನ ಮೇಲೆ ಹಾಕುವ ಬೇಲಿ) ಎಲ್ಲ ಯಾರು ಕೊಟ್ಟರೂ ಹೆಚ್ಚುಕಮ್ಮಿ ಒಂದೇ, ಅದನ್ನು ಬಿಡೋಣ. ನಾನು ಹೇಳಬೇಕಿರುವುದು ವರದಿಯ ಒಂದೇ ಒಂದು ಕಾಲಂ ಬಗ್ಗೆ: ‘ಐಡಲ್’.

ಇಂಜಿನ್ ಚಾಲೂ ಇದ್ದು ವೇಗ ಸೊನ್ನೆಯಾದರೆ ನಮ್ಮ ಸಾಫ್ಟ್‌ವೇರ್ ಅದನ್ನು ಐಡಲ್ ಎಂದು ಬರೆದುಕೊಳ್ಳುತ್ತದೆ. ರಸ್ತೆ ಮೇಲೆ ಓಡುವ ಲಾರಿಗೆ ಈ ಲೆಕ್ಕ ಸರಿ. ಆದರೆ ಎಕ್ಸ್‌ಕವೇಟರ್ ಕೆಲಸ ಮಾಡುವುದೇ ನಿಂತಲ್ಲಿ ನಿಂತು. ಚೈನ್ ಅಲುಗದೆ, ಕ್ಯಾಬಿನ್ ತಿರುಗಿಸುತ್ತ ಬಕೆಟ್ ಮೇಲೆ ಬಕೆಟ್ ಮಣ್ಣು ಎತ್ತಿ ಹಾಕುತ್ತಿದ್ದರೂ ಜಿಪಿಎಸ್ ಪಾಲಿಗೆ ಅದು ನಿಂತ ಗಾಡಿ. ಮಿಕ್ಸರ್‌ನದ್ದೂ ಇದೇ ಪಾಡು. ಕಾಂಕ್ರೀಟ್ ಸುರಿಯುವಾಗ ಗಾಡಿ ನಿಂತೇ ಇರಬೇಕು, ಡ್ರಮ್ ತಿರುಗಲು ಇಂಜಿನ್ ಓಡುತ್ತಲೇ ಇರಬೇಕು.

ಮೊದಲ ವರ್ಷ ದಿನಕ್ಕೆ ಆರೇಳು ಗಂಟೆ ಐಡಲ್ ಎಂದು ವರದಿ ಬರುತ್ತಿತ್ತು. ನಾನು ಅದನ್ನು ನಂಬಿದೆ. ಇಪ್ಪತ್ತು ವರ್ಷದಿಂದ ಲಿವರ್ ಹಿಡಿದಿರುವ ಆಪರೇಟರ್ ಒಬ್ಬರನ್ನು ಎಲ್ಲರೆದುರು ಕೇಳಿಬಿಟ್ಟೆ, ‘ಇಷ್ಟು ಹೊತ್ತು ಇಂಜಿನ್ ಸುಮ್ಮನೆ ಓಡಿಸಿದ್ದು ಯಾಕೆ?’ ಅಂತ. ಅವರು ಏನೂ ಹೇಳಲಿಲ್ಲ. ಅಂದು ತೋಡಿದ್ದ ಪಾಯದ ಕಡೆ ಕೈ ತೋರಿಸಿದರು, ಅಷ್ಟೇ. ಆ ಕ್ಷಣ ನೆನೆದರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಸಪೋರ್ಟ್‌ನವರನ್ನು ಕೇಳಿದರೆ ಐಡಲ್ ಅಲರ್ಟ್ ಮಿತಿಯನ್ನು 5 ನಿಮಿಷದಿಂದ 15ಕ್ಕೆ ಏರಿಸಿಕೊಳ್ಳಿ ಎಂದರು. ಮೆಸೇಜ್ ಕಡಿಮೆಯಾದವು, ತಪ್ಪು ಹಾಗೇ ಉಳಿಯಿತು. ಸರಿಹೋದದ್ದು ಯಂತ್ರದ ಒಳಗಿಂದಲೇ ಸಿಗ್ನಲ್ ತೆಗೆದುಕೊಂಡ ಮೇಲೆ. ಹೊಸ ಎರಡು ಎಕ್ಸ್‌ಕವೇಟರ್‌ಗಳಲ್ಲಿ ಕ್ಯಾನ್ ಬಸ್‌ನಿಂದ (ಯಂತ್ರದ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಮಾತಾಡಿಕೊಳ್ಳುವ ವೈರು) ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗ, ಮತ್ತು ಇಂಜಿನ್ ಲೋಡ್ ಸಿಗುತ್ತವೆ. ಹಳೆಯದಕ್ಕೆ ಬಕೆಟ್ ಎತ್ತಲು ಎಣ್ಣೆಯ ಒತ್ತಡ ಹೋಗುವ ಹೈಡ್ರಾಲಿಕ್ ಲೈನಿನಲ್ಲಿ ಪ್ರೆಶರ್ ಸ್ವಿಚ್ ಕೂರಿಸಿ, ಅದರ ವೈರನ್ನು ಟ್ರ್ಯಾಕರ್‌ಗೆ ಕೊಟ್ಟೆವು. ಮಿಕ್ಸರ್‌ಗಳಿಗೆ ಡ್ರಮ್ ಸೆನ್ಸರ್: ಒಂದು ದಿಕ್ಕಿಗೆ ತಿರುಗಿದರೆ ಕಲಸುತ್ತಿದೆ, ಉಲ್ಟಾ ತಿರುಗಿದರೆ ಸುರಿಯುತ್ತಿದೆ. ನಿಮ್ಮಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ದರೆ, ಕೊಳ್ಳುವ ಮೊದಲೇ ಐಎಸ್‌ಒ 15143-3 ಪ್ರಕಾರ ಡೇಟಾ ಬರುತ್ತದೆಯೇ ಎಂದು ವಿಚಾರಿಸಿ. ಎಲ್ಲ ಯಂತ್ರಗಳ ಮಾಹಿತಿಯನ್ನೂ ಒಂದೇ ರೂಪದಲ್ಲಿ ಕೊಡಲೆಂದೇ ಇರುವ ಮಾನದಂಡ ಅದು. ನಾನು ವಿಚಾರಿಸಿರಲಿಲ್ಲ.

ಸುಳ್ಳು ಐಡಲ್ ಕಳಚಿದ ಮೇಲೆ ನಿಜವಾದದ್ದು ಕಣ್ಣಿಗೆ ಬಿತ್ತು. ಅದೇ ಆಪರೇಟರ್ ಅವರ ಯಂತ್ರ ಪ್ರತಿ 50 ನಿಮಿಷಕ್ಕೆ 15 ನಿಮಿಷ ಕೆಲಸವಿಲ್ಲದೆ ನಿಲ್ಲುತ್ತಿತ್ತು. ಈ ಸಲ ಅವರನ್ನು ಕೇಳುವ ಮುಂಚೆ ಟಿಪ್ಪರ್‌ಗಳ ಟ್ರಿಪ್ ವಿವರ ತೆರೆದೆ. ಒಂದು ಗಾಡಿ ತುಂಬಲು 5 ನಿಮಿಷ. ತುಂಬಿಸಿಕೊಂಡು ಹೋಗಿ, ಸುರಿದು ಬರಲು ಮೊದಲು ಒಟ್ಟು 35 ನಿಮಿಷ ಸಾಕಿತ್ತು, 7 ಟಿಪ್ಪರ್ ಲೆಕ್ಕಕ್ಕೆ ಸರಿಯಾಗಿದ್ದವು. ಮಣ್ಣು ಸುರಿಯುವ ಜಾಗ ದೂರವಾದ ಮೇಲೆ ಅದೇ ಟ್ರಿಪ್ 50 ನಿಮಿಷವಾಗಿತ್ತು, ಗಾಡಿ ಮಾತ್ರ ಏಳೇ. ಏಳನೆಯದು ತುಂಬಿ ಹೊರಟ ಮೇಲೆ ಮೊದಲನೆಯದು ವಾಪಸ್ ಬರುವ ತನಕ ಆಪರೇಟರ್ ಮಾಡುವುದಾದರೂ ಏನು? ಜಾಗ ಬದಲಿಸಿದವನು ನಾನು. ಗಾಡಿ ಹೆಚ್ಚಿಸದೆ ಬಿಟ್ಟವನೂ ನಾನೇ. ಬೇರೆ ಸೈಟಿನಿಂದ ಮೂರು ಟಿಪ್ಪರ್ ತರಿಸಿ ಹತ್ತು ಮಾಡಿದೆ, ಅವರ ಬಳಿ ಹೋಗಿ ಕ್ಷಮೆ ಕೇಳಿದೆ.

ಅಲ್ಲಿಂದ ಬೆಳಗಿನ ಒಂದು ಅಭ್ಯಾಸ ಅಂಟಿಕೊಂಡಿದೆ. ಬೂಟು ಹಾಕುವ ಮುಂಚೆ ಮೆಟ್ಟಿಲ ಮೇಲೆ ಕೂತು ಹಿಂದಿನ ದಿನ ಗಾಡಿಗಳು ಓಡಾಡಿದ್ದನ್ನು ಮ್ಯಾಪಿನಲ್ಲಿ ಮತ್ತೆ ತೋರಿಸುವ ಪ್ಲೇಬ್ಯಾಕನ್ನು ವೇಗವಾಗಿ ಓಡಿಸುತ್ತೇನೆ. ಟಿಪ್ಪರ್‌ಗಳು ಇರುವೆ ಸಾಲಿನ ಹಾಗೆ ಸಮ ಅಂತರದಲ್ಲಿ ಹೋಗಿಬಂದಿದ್ದರೆ ಮನಸ್ಸು ಹಗುರಾಗುತ್ತದೆ. ಎಲ್ಲೋ ನಾಲ್ಕು ಒಟ್ಟಿಗೆ ಗುಂಪಾಗಿದ್ದರೆ ಗೇಟಿನಲ್ಲಿ ತಡೆದಿದ್ದಾರೆ, ಇಲ್ಲವೇ ಗಾಡಿ ತೂಕ ಹಾಕುವಲ್ಲಿ ಸಾಲು ನಿಂತಿದೆ. ಸೈಟಿಗೆ ಹೋಗಿ ಮೊದಲು ವಿಚಾರಿಸುವುದು ಅದನ್ನೇ. ಹತ್ತು ನಿಮಿಷದ ಕೆಲಸ, ಆದರೆ ದಿನದಲ್ಲಿ ನನಗೆ ತುಂಬ ಇಷ್ಟವಾದ ಹತ್ತು ನಿಮಿಷ.

ಸರ್ವಿಸ್ ವಿಷಯದಲ್ಲೂ ಸುಖವಿದೆ. ಇಂಜಿನ್ ಓಡಿದ್ದು 250 ಗಂಟೆ, 500 ಗಂಟೆ ಮುಟ್ಟುವ ಮೊದಲೇ ಸೂಚನೆ ಬರುತ್ತದೆ, ಅವರ್ ಮೀಟರ್ ನೋಡಲು ಯಾರೂ ಮೇಲೆ ಹತ್ತಬೇಕಿಲ್ಲ. ಕಿರಿಕಿರಿ ಇರುವುದು ಡೀಸೆಲ್ ಸೆನ್ಸರ್‌ನಲ್ಲಿ. ಯಂತ್ರವನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಟ್ಯಾಂಕಿನ ಡೀಸೆಲ್ ಒಂದು ಕಡೆಗೆ ವಾಲಿ, ಕಳುವಾಯಿತೆಂದು ಅಲರ್ಟ್ ಬರುತ್ತದೆ. ಹೀಗಾಗಿ ಖರ್ಚು ನೋಡಿಕೊಂಡು ಅದನ್ನು ಎಕ್ಸ್‌ಕವೇಟರ್‌ಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ. ವಾರಗಟ್ಟಲೆ ನಿಲ್ಲಿಸಿದ ಯಂತ್ರದ ಬ್ಯಾಟರಿಯನ್ನು ಟ್ರ್ಯಾಕರ್ ಮೆಲ್ಲಗೆ ಹೀರುತ್ತದೆ, ಕೆಲಸವಿಲ್ಲದಾಗ ಟ್ರ್ಯಾಕರನ್ನು ಮಲಗಿಸಿಡುವ ಸ್ಲೀಪ್ ಮೋಡ್ ಹಾಕಿಸಲು ಮರೆಯಬೇಡಿ.

ಮುಂದಿನ ವರ್ಷದ ಚಂದಾ ಕಟ್ಟಿಯಾಯಿತು. ಕಳೆದ ವಾರ ಆ ಆಪರೇಟರ್ ಅವರೇ ಫೋನ್ ಮಾಡಿ, ‘ಸಾರ್, ಇವತ್ತು ಗಾಡಿ ಲೇಟಾಗ್ತಿವೆ, ಸ್ವಲ್ಪ ಮ್ಯಾಪ್ ತೆಗೆದು ನೋಡಿ’ ಎಂದರು. ತೆಗೆದೆ. ಎರಡು ಟಿಪ್ಪರ್ ಪಂಕ್ಚರ್ ಅಂಗಡಿ ಮುಂದೆ ನಿಂತಿದ್ದವು.