ಆಫ್‌ಲೈನ್ ಮ್ಯಾಪ್ ನಂಬಿ ಆರು ವರ್ಷ: ಆಗುಂಬೆಯಿಂದ ಸ್ಕಾಟ್ಲೆಂಡ್‌ವರೆಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ, ತೋಟದ ಮಧ್ಯೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಅದಕ್ಕೇ 2019ರಲ್ಲಿ ಇಂಟರ್ನೆಟ್ ಇಲ್ಲದೆ ದಾರಿ ತೋರಿಸುವ ಆ್ಯಪ್ ಹಾಕಿಕೊಂಡೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಜನರೇ ಸೇರಿ ತಯಾರಿಸುವ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಬಳಸುವ ಉಚಿತ ಆ್ಯಪ್. 2023ರ ಜೂನ್‌ನಲ್ಲಿ ಅಕ್ಕ-ಭಾವನನ್ನು ಕೂರಿಸಿಕೊಂಡು ಸ್ಕಾಟ್ಲೆಂಡ್‌ನಲ್ಲಿ ಹನ್ನೊಂದು ದಿನ ಬಾಡಿಗೆ ಕಾರು ಓಡಿಸಿದ್ದೂ ಇದನ್ನೇ ನಂಬಿ.

ನೆಟ್‌ವರ್ಕ್ ಇಲ್ಲದೆ ಜಿಪಿಎಸ್ ಹೇಗೆ ನಡೆಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಸಂಕೇತವನ್ನು ಫೋನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ನಾಲ್ಕು ಉಪಗ್ರಹ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ. ನೆಟ್ ಬೇಕಾಗುವುದು ನಕ್ಷೆಗೆ. ಆದರೆ ನೆಟ್ ಇಲ್ಲದಾಗ ಮೊದಲ ಸಲ ಜಾಗ ಹಿಡಿಯುವುದು ತಡ, ಹಾಗಾಗಿ ಫೋನನ್ನು ಅಂಗಳದಲ್ಲಿ ಆಕಾಶ ಕಾಣುವ ಕಡೆ ಎರಡು ಮೂರು ನಿಮಿಷ ಇಟ್ಟೇ ಹೊರಡುತ್ತೇನೆ. ಆಗುಂಬೆ ಘಾಟಿಯಲ್ಲಿ ಮರ, ಗುಡ್ಡ ಅಡ್ಡ ಬಂದು ಬಾಣದ ಗುರುತು ಮೇಲಿನ ತಿರುವಿನಿಂದ ಕೆಳಗಿನ ತಿರುವಿಗೆ ಜಿಗಿಯುತ್ತದೆ. ಅಲ್ಲಿ ಧ್ವನಿ ನಿಲ್ಲಿಸಿಬಿಡಿ.

ಸ್ಕಾಟ್ಲೆಂಡ್‌ನಲ್ಲೂ ಎಡಗಡೆಯೇ ಓಡಿಸಬೇಕು, ಆ ಚಿಂತೆ ಇರಲಿಲ್ಲ. ಬೋರ್ಡುಗಳೆಲ್ಲ ಮೈಲಿಯಲ್ಲಿರುವುದರಿಂದ ಆ್ಯಪ್ ಅನ್ನೂ ಮೈಲಿಗೆ ಬದಲಿಸಿದೆ. ಫೋನಿಗೆ ಸ್ಟ್ಯಾಂಡ್ ಊರಿಂದಲೇ ಒಯ್ಯಿರಿ; ಅಲ್ಲಿ ಫೋನ್ ಕೈಯಲ್ಲಿ ಹಿಡಿದು ಓಡಿಸಿದರೆ 200 ಪೌಂಡ್ ದಂಡ. ಹೈಲ್ಯಾಂಡ್ಸ್‌ನಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆಗಳು, ನಡುನಡುವೆ ಪಕ್ಕಕ್ಕೆ ಸರಿದು ನಿಲ್ಲಲು ಜಾಗ. ನಮ್ಮ ಕಡೆಯ ಹಾಗೇ. ಅಂಥ ಕಡೆ ಆ್ಯಪ್ ಹೇಳುವ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಂಡೇ ಹೊರಡುತ್ತಿದ್ದೆ.

ಅಲ್ಲಿ ಮೋಸ ಹೋಗಿದ್ದು ಒಂದೇ ಸಲ, ಅದೂ ಕಾರಿನಲ್ಲೇ ಇದ್ದ ನ್ಯಾವಿಗೇಶನ್ ನಂಬಿ. ಉಳಿಯುವ ಮನೆಯ ಪೋಸ್ಟ್‌ಕೋಡ್ ಹಾಕಿದೆ. ಹಳ್ಳಿಗಾಡಿನಲ್ಲಿ ಒಂದು ಪೋಸ್ಟ್‌ಕೋಡ್ ಎಂದರೆ ದೂರದೂರದ ಮನೆಗಳೂ ಸೇರುತ್ತವೆ. ಯಾರದೋ ಹೊಲದ ಗೇಟಿನ ಮುಂದೆ ನಿಲ್ಲಿಸಿ ‘ತಲುಪಿದಿರಿ’ ಎಂದಿತು. ಗೇಟಿನಾಚೆ ಕುರಿಗಳು ಬಿಟ್ಟರೆ ಯಾರೂ ಇಲ್ಲ, ಅಕ್ಕ ಹಿಂದಿನ ಸೀಟಿನಲ್ಲಿ ಮಾತೇ ಆಡಲಿಲ್ಲ. ರಾತ್ರಿ ಹತ್ತಾದರೂ ಬೆಳಕಿದ್ದುದು ಪುಣ್ಯ. ಉಳಿಯುವ ಮನೆಯ ಮಾಲೀಕರು ಮೊದಲೇ ಕಳಿಸಿದ್ದ ಪಿನ್, ಅಂದರೆ ನಕ್ಷೆಯಲ್ಲಿ ಮನೆಯ ಜಾಗದ ಗುರುತು, ನನ್ನ ಫೋನಿನಲ್ಲಿತ್ತು. ಅದು ಆರು ಮೈಲಿ ಆಚೆ ತೋರಿಸಿತು. ವಿಳಾಸ ಸಾಲದು, ಪಿನ್ ಕೇಳಿ ಪಡೆಯಿರಿ.

ಫೋರ್ಟ್ ವಿಲಿಯಂನಿಂದ ಆರ್ಡ್ನಮರ್ಕನ್ ಕಡೆಗೆ ಹೊರಟಾಗ ಆ್ಯಪ್ ಕೊರಾನ್ ಫೆರ್ರಿಯ ದಾರಿ ಹಾಕಿತ್ತು. ಮುಂಚೆಯೇ ಪೂರ್ತಿ ದಾರಿ ನೋಡಿಟ್ಟಿದ್ದರಿಂದ ಗಾಬರಿಯಾಗಲಿಲ್ಲ. ಕಾರು ಹತ್ತಿಸಿ ಹತ್ತು ನಿಮಿಷದೊಳಗೆ ಆಚೆ ದಡ. ಭಾವ ನೀರು ನೋಡುತ್ತಾ, “ಇದು ನಮ್ಮ ಸಿಗಂದೂರು ಲಾಂಚ್ ಇದ್ದಂಗೇ ಇದ್ಯಲ ಮಾರಾಯ” ಅಂದರು.

ಶರಾವತಿ ಹಿನ್ನೀರು ದಾಟಿಸುವ ಸಿಗಂದೂರಿನ ಆ ಲಾಂಚಿನ ದಾರಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ನಕ್ಷೆ ಅಪ್‌ಡೇಟ್ ಮಾಡದೆ ಹೊರಟ ನನಗೆ ಆ್ಯಪ್ ಇನ್ನೂ ಲಾಂಚನ್ನೇ ತೋರಿಸುತ್ತಿತ್ತು. ಉಪಗ್ರಹ ತಪ್ಪಲಿಲ್ಲ, ನಕ್ಷೆ ಹಳೆಯದಾಗಿತ್ತು. ಈಗ ಪ್ರತಿ ತಿಂಗಳೂ ಹೊಸದು ಇಳಿಸಿಕೊಳ್ಳುತ್ತೇನೆ.

ಕೊರತೆಗಳಿವೆ. ಧರೆ ಕುಸಿದು ರಸ್ತೆ ಬಂದ್ ಆದರೆ ಇದಕ್ಕೆ ತಿಳಿಯುವುದಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದಕ್ಷರ ಬೇರೆಯಾದರೂ ಹುಡುಕಿಕೊಡುವುದಿಲ್ಲ. ಬಿಸಿಲಲ್ಲಿ ಫೋನು ಕಾದು ಬ್ಯಾಟರಿ ಬೇಗ ಇಳಿಯುತ್ತದೆ.

ಆದರೂ ಬಿಡಲಾಗದ ಒಂದು ಕಾರಣವಿದೆ. ನಮ್ಮ ಹಳ್ಳದ ಮೇಲಿನ ಕಾಲುಸಂಕವನ್ನು ನಕ್ಷೆಯಲ್ಲಿ ಯಾರೋ ಕಾರು ರಸ್ತೆ ಎಂದು ಗುರುತಿಸಿದ್ದರು. ಅಡಿಕೆ ದಬ್ಬೆ ಜೋಡಿಸಿದ ಸಂಕ ಅದು, ಎರಡಡಿ ಅಗಲ. ಮದುವೆಗೆ ಬಂದ ನೆಂಟರ ಕಾರು ಅದರ ತುದಿಗೆ ಬಂದು ನಿಂತು, ಕೆಸರಿನಲ್ಲಿ ರಿವರ್ಸ್ ಹೋಗಬೇಕಾಯಿತು. ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಅವತ್ತು ರಾತ್ರಿಯೇ ಖಾತೆ ತೆರೆದು ಅದನ್ನು ಕಾಲುದಾರಿ ಮಾಡಿದೆ. ಮುಂದಿನ ತಿಂಗಳ ನಕ್ಷೆ ಇಳಿಸಿ ನಮ್ಮ ಮನೆಗೆ ದಾರಿ ಕೇಳಿದರೆ, ಶಾಲೆ ಹತ್ತಿರ ಸುತ್ತಿ ಬರುವ ರಸ್ತೆ ತೋರಿಸಿತು.