ಸಂಘದ ಹಣ ಹುಡುಗಿಯರ ಕ್ಲಬ್ಬಿಗೋ, ಅಡುಗೆ ಎಣ್ಣೆಗೋ?

ಹಾವೇರಿ ಜಿಲ್ಲೆಯ ಸ್ವಸಹಾಯ ಸಂಘದ ಅಕ್ಕಂದಿರು ಕಿಶೋರಿಯರಿಗಾಗಿ ಹಣ ತೆಗೆದಿಟ್ಟು, ಹೇಗೆ ಖರ್ಚು ಮಾಡಲಿ ಎಂದು ಕೇಳಿದ್ದಾರೆ.

ಉಗಾಂಡಾದಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 14ರಿಂದ 20 ವರ್ಷದ ಹುಡುಗಿಯರಿಗೆ ಕ್ಲಬ್ ನಡೆಸಿತು. ಅಲ್ಲಿ ಕಸುಬಿನ ಕಲಿಕೆಯ ಜೊತೆಗೆ ದೇಹ, ಮದುವೆ, ಹಕ್ಕುಗಳ ಮಾತೂ ಇತ್ತು. ನಾಲ್ಕು ವರ್ಷಗಳ ನಂತರ ದುಡಿದು ಗಳಿಸುವ ಹುಡುಗಿಯರ ಪ್ರಮಾಣ ಶೇ 48ರಷ್ಟು ಏರಿತ್ತು. ಎಳೆ ವಯಸ್ಸಿನ ಬಸಿರು, ಮದುವೆ ಎರಡೂ ಇಳಿದವು. ಹೊಲಿಗೆ ಯಂತ್ರವೊಂದನ್ನೇ ಕೊಟ್ಟು ಸುಮ್ಮನಾಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆದರೆ ಅದೇ ಮಾದರಿ ಟಾಂಜಾನಿಯಾದಲ್ಲಿ ಅಂಥ ಫಲ ಕೊಡಲಿಲ್ಲ.

ಬಾಂಗ್ಲಾದೇಶದ ದಾರಿ ಬೇರೆ. 18 ತುಂಬುವವರೆಗೆ ಮದುವೆಯಾಗದ ಹುಡುಗಿಯ ಮನೆಗೆ ನಾಲ್ಕು ತಿಂಗಳಿಗೊಮ್ಮೆ ಅಡುಗೆ ಎಣ್ಣೆ. ಬಾಲ್ಯವಿವಾಹ ಇಳಿಯಿತು, ಎಣ್ಣೆ ಕೊಡದೆ ಹುಡುಗಿಯರಿಗೆ ಆರು ತಿಂಗಳ ಸಬಲೀಕರಣದ ತರಗತಿ ಮಾತ್ರ ನಡೆದ ಊರುಗಳಲ್ಲಿ ಇಳಿಯಲಿಲ್ಲ.

ನಿಮ್ಮ ಊರಲ್ಲಿ ಹದಿನೈದಕ್ಕೇ ಗಂಡು ನೋಡುತ್ತಿದ್ದರೆ ಎಣ್ಣೆಯಂಥ ನೆರವೇ ಮೊದಲು. ಶಾಲೆ ಬಿಟ್ಟು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹುಡುಗಿಯರೇ ಹೆಚ್ಚಿದ್ದರೆ ಕ್ಲಬ್ ತೆರೆಯಿರಿ, ಕೂಲಿ ಮುಗಿಯುವ ಹೊತ್ತಿಗೆ, ಮನೆಗೆ ಹತ್ತಿರದಲ್ಲಿ. ನಡೆಸಲು ಅದೇ ಊರಿನ, ಅವರಿಗಿಂತ ಸ್ವಲ್ಪ ದೊಡ್ಡ ಹುಡುಗಿಯನ್ನು ನೇಮಿಸಿ, ಅವಳಿಗೆ ಸಂಬಳ ಕೊಡಿ.