ವಾದಕ್ಕಿಳಿಯುವ ಮುನ್ನ ತೆರೆಯಬೇಕಾದ ತಾಣ: ಸ್ಕೆಪ್ಟಿಕಲ್ ಸೈನ್ಸ್

ಹವಾಮಾನ ಬದಲಾವಣೆಯ ಕುರಿತು ಅಂತರ್ಜಾಲದಲ್ಲಿ ವಾದಕ್ಕಿಳಿದವರಿಗೆ ಒಂದು ವಿಷಯ ಬೇಗ ಮನವರಿಕೆಯಾಗುತ್ತದೆ: ಎದುರಿನವರ ಆಕ್ಷೇಪಣೆಗಳಲ್ಲಿ ಹೊಸದು ಬಹಳ ಕಡಿಮೆ. ಸೂರ್ಯನೇ ಕಾರಣ, ಜ್ವಾಲಾಮುಖಿಗಳೇ ಕಾರಣ, ಹಿಂದೆಯೂ ಹೀಗೆಯೇ ಆಗಿತ್ತು, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂಬ ನಾಲ್ಕಾರು ಮಾತುಗಳೇ ಬೇರೆ ಬೇರೆ ವಿಡಿಯೊಗಳಾಗಿ ಮತ್ತೆ ಮತ್ತೆ ಕೈಸೇರುತ್ತವೆ. ಈ ಮಾತುಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿ, ಒಂದೊಂದಕ್ಕೂ ಪ್ರಕಟಿತ ಸಂಶೋಧನೆಯ ಆಧಾರದ ಮೇಲೆ ಉತ್ತರ ಕೊಡುವ ಉಚಿತ ಸೇವೆಯೇ ಸ್ಕೆಪ್ಟಿಕಲ್ ಸೈನ್ಸ್. ಆಸ್ಟ್ರೇಲಿಯಾದ ಜಾನ್ ಕುಕ್ ಇದನ್ನು 2007ರಲ್ಲಿ ಆರಂಭಿಸಿದರು. ಭೌತವಿಜ್ಞಾನ ಓದಿ, ವ್ಯಂಗ್ಯಚಿತ್ರಕಾರರಾಗಿಯೂ ದುಡಿದಿದ್ದ ಅವರಿಗೆ ತಮ್ಮ ಹೆಂಡತಿಯ ತಂದೆಯೊಡನೆ ನಡೆದ ವಾಗ್ವಾದಗಳೇ ಇದಕ್ಕೆ ಪ್ರೇರಣೆಯಾದವು. ಇಂದು ಹಲವು ದೇಶಗಳ ಸ್ವಯಂಸೇವಕರು ಸೇರಿ ನಡೆಸುತ್ತಿರುವ ಈ ತಾಣದಲ್ಲಿ ಇನ್ನೂರಕ್ಕೂ ಹೆಚ್ಚು ಆಕ್ಷೇಪಣೆಗಳಿಗೆ ಉತ್ತರವಿದೆ. ಹವಾಮಾನ ವಿಜ್ಞಾನದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನೆರವು ನನಗೆ ಕಂಡಿಲ್ಲ. ಚರ್ಚೆ ವಿದ್ಯುತ್ತಿನ ಕಡೆಗೆ, ಅದರಲ್ಲೂ ನಮ್ಮ ದೇಶದ ವಿದ್ಯುತ್ತಿನ ಕಡೆಗೆ ಹೊರಳಿದಾಗ ಮಾತ್ರ ನಮ್ಮ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಉತ್ತರಗಳನ್ನು ಜೋಡಿಸಿರುವ ಕ್ರಮವೇ ಈ ತಾಣದ ಮೊದಲ ಗುಣ. ಪ್ರತಿ ಆಕ್ಷೇಪಣೆಗೂ ಮೊದಲು ಒಂದೆರಡು ಸಾಲಿನ ಉತ್ತರವಿರುತ್ತದೆ, ಆಮೇಲೆ ವಿವರಣೆ. ಅನೇಕ ಪ್ರಶ್ನೆಗಳಿಗೆ ಆರಂಭಿಕ, ಮಧ್ಯಮ ಮತ್ತು ಪ್ರೌಢ ಎಂಬ ಮೂರು ಹಂತಗಳ ವಿವರಣೆ ಇದೆ. "ಹವಾಮಾನ ಹಿಂದೆಯೂ ಬದಲಾಗಿತ್ತು" ಎಂಬ ಮಾತನ್ನೇ ತೆಗೆದುಕೊಳ್ಳಿ. ತಾಣವು ಇದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಬದಲಾಗಿದ್ದು ನಿಜ, ಆದರೆ ಏಕೆ ಬದಲಾಯಿತು, ಎಷ್ಟು ವೇಗವಾಗಿ ಬದಲಾಯಿತು ಎಂದು ಕೇಳುತ್ತದೆ. ಹಿಮಯುಗಗಳು ಬಂದು ಹೋದದ್ದು ಭೂಮಿಯ ಕಕ್ಷೆ ಮತ್ತು ಅಕ್ಷದ ವಾಲಿಕೆಯಲ್ಲಿ ಸಾವಿರಾರು ವರ್ಷಗಳಲ್ಲಿ ಆಗುವ ಸಣ್ಣ ವ್ಯತ್ಯಾಸಗಳಿಂದ. ಆ ವ್ಯತ್ಯಾಸಗಳಿಂದ ಆರಂಭವಾದ ಬಿಸಿಯನ್ನು ಸಮುದ್ರದಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಹೆಚ್ಚಿಸಿತು. ಅಂಟಾರ್ಕ್ಟಿಕಾದ ಮಂಜುಗಡ್ಡೆಯ ಆಳದಲ್ಲಿ ಸಿಕ್ಕಿಕೊಂಡಿರುವ ಗಾಳಿಗುಳ್ಳೆಗಳು ಹೇಳುವ ಪ್ರಕಾರ, ಕಳೆದ 8 ಲಕ್ಷ ವರ್ಷಗಳಲ್ಲಿ ಈ ಅನಿಲದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 180ರಿಂದ 300 ಭಾಗಗಳ ನಡುವೆಯೇ ಏರಿಳಿಯುತ್ತಿತ್ತು. ಕೈಗಾರಿಕೆಗಳು ಹುಟ್ಟುವ ಮೊದಲು ಅದು 280ರ ಆಸುಪಾಸಿನಲ್ಲಿತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಸುಮಾರು 315. ಈಗ 420ನ್ನು ದಾಟಿದೆ. ಹಿಂದಿನ ಬದಲಾವಣೆಗಳು ನಮಗೆ ಸಮಾಧಾನ ತರುವ ಬದಲು ಹವಾಮಾನ ಈ ಅನಿಲಕ್ಕೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದನ್ನೇ ತೋರಿಸುತ್ತವೆ ಎಂದು ತಾಣ ವಿವರಿಸುವ ರೀತಿ ನನಗೆ ತುಂಬ ಹಿಡಿಸಿತು, ಏಕೆಂದರೆ ಎದುರಾಳಿ ತಂದಿಟ್ಟ ಸಾಕ್ಷ್ಯವೇ ಇಲ್ಲಿ ಉತ್ತರದ ಆಧಾರವಾಗುತ್ತದೆ.

ಬಳಕೆಯಲ್ಲಿ ಇದು ಹೇಗೆ ನೆರವಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಓದಿಕೊಂಡವರು, ಲೆಕ್ಕ ಬಲ್ಲವರು. "ಒಂದು ಜ್ವಾಲಾಮುಖಿ ಸಿಡಿದರೆ ಸಾಕು, ಮನುಷ್ಯ ಇಡೀ ಇತಿಹಾಸದಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ಹೊಗೆ ಬರುತ್ತದೆ, ನಾವು ಬಲ್ಬು ಆರಿಸಿ ಏನು ಸಾಧಿಸಿದಂತಾಯಿತು?" ಎಂದು ಅವರು ಒಂದು ವಿಡಿಯೊ ಕಳುಹಿಸಿದ್ದರು. ತಾಣದ ಉತ್ತರವನ್ನು ಓದಿಕೊಂಡು ನಾನು ಹೀಗೆ ಬರೆದೆ: "ಸರ್, ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಅರ್ಧ ಶತಕೋಟಿ ಟನ್ನಿಗೂ ಕಡಿಮೆ. ಕಲ್ಲಿದ್ದಲು, ತೈಲ, ಅನಿಲ ಉರಿಸಿ ನಾವು ಬಿಡುವುದು ಸುಮಾರು 37 ಶತಕೋಟಿ ಟನ್. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಹೊರಬಿದ್ದದ್ದು ಸುಮಾರು 5 ಕೋಟಿ ಟನ್. ಅಷ್ಟನ್ನು ನಾವು ಅರ್ಧ ದಿನದಲ್ಲಿ ಬಿಡುತ್ತೇವೆ." ಅವರು ಸುಮ್ಮನಾಗಲಿಲ್ಲ, "ಗಾಳಿಯಲ್ಲಿರುವುದು ಯಾರದ್ದೆಂದು ಅನಿಲದ ಮೇಲೆ ಹೆಸರು ಬರೆದಿರುತ್ತದೆಯೇ?" ಎಂದು ಕೇಳಿದರು. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಒಂದು ಅರ್ಥದಲ್ಲಿ ಬರೆದಿರುತ್ತದೆ ಎಂಬುದೇ ಇದಕ್ಕೆ ಉತ್ತರ. ಸಸ್ಯಮೂಲದ ಕಲ್ಲಿದ್ದಲು ಮತ್ತು ತೈಲದ ಇಂಗಾಲದಲ್ಲಿ ಕಾರ್ಬನ್-13 ಎಂಬ ಐಸೊಟೋಪ್ (ಇಂಗಾಲದ ತುಸು ಭಾರವಾದ ರೂಪ) ಕಡಿಮೆ, ಜ್ವಾಲಾಮುಖಿಯ ಇಂಗಾಲದಲ್ಲಿ ಅಷ್ಟು ಕಡಿಮೆಯಿಲ್ಲ. ವಾಯುಮಂಡಲದಲ್ಲಿ ಈ ಐಸೊಟೋಪಿನ ಪಾಲು ಇಳಿಯುತ್ತಾ ಬಂದಿದೆ. ಅದರ ಜೊತೆಗೆ ಆಮ್ಲಜನಕವೂ ಅತಿ ಸಣ್ಣ ಪ್ರಮಾಣದಲ್ಲಿ ತಗ್ಗುತ್ತಿದೆ. ಇಂಧನ ಉರಿಸಿದಾಗ ಹಾಗಾಗುತ್ತದೆ, ಜ್ವಾಲಾಮುಖಿ ಅನಿಲ ಬಿಟ್ಟಾಗ ಅಲ್ಲ. ಎಂಜಿನಿಯರ್ ಒಪ್ಪಿದರೆಂದು ಹೇಳಲಾರೆ. ಆದರೆ ಗುಂಪಿನ ಇನ್ನಿಬ್ಬರು ಐಸೊಟೋಪಿನ ಬಗ್ಗೆ ನನಗೆ ಪ್ರತ್ಯೇಕವಾಗಿ ಬರೆದು ಕೇಳಿದರು. ಇಂಥ ಚರ್ಚೆಗಳಲ್ಲಿ ಉತ್ತರ ಬರೆಯಬೇಕಾದ್ದು ಬಹುಮಟ್ಟಿಗೆ ಮಾತಾಡದೆ ಓದುತ್ತಿರುವವರಿಗಾಗಿ ಎಂಬುದು ನನ್ನ ನಂಬಿಕೆ, ಮತ್ತು ಈ ತಾಣದ ಉತ್ತರಗಳು ಅಂಥವರಿಗೆ ಚೆನ್ನಾಗಿ ಹೊಂದುತ್ತವೆ.

ಸೂರ್ಯನ ಕುರಿತ ಉತ್ತರವೂ ಇಷ್ಟೇ ಗಟ್ಟಿಯಾಗಿದೆ. ಉಪಗ್ರಹಗಳು ಅಳೆದಂತೆ 1980ರ ಈಚೆಗೆ ಸೂರ್ಯನ ಶಾಖ ಹೆಚ್ಚಿಲ್ಲ. ಅಲ್ಲದೆ ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಸ್ತರವೂ ಬಿಸಿಯಾಗಬೇಕಿತ್ತು. ನೆಲಕ್ಕೆ ಹತ್ತಿರದ ಗಾಳಿ ಬಿಸಿಯಾಗುತ್ತಾ ಮೇಲಿನ ಆ ಸ್ತರ, ಅಂದರೆ ಸ್ತರಗೋಳ, ತಣ್ಣಗಾಗುತ್ತಿರುವುದು ಹಸಿರುಮನೆ ಅನಿಲಗಳದ್ದೇ ಗುರುತು. "1998ರಿಂದ ಬಿಸಿಯೇರಿಕೆ ನಿಂತಿದೆ" ಎನ್ನುತ್ತಿದ್ದವರಿಗಾಗಿ ತಾಣ ರೂಪಿಸಿದ ಚಲಿಸುವ ರೇಖಾನಕ್ಷೆಯಂತೂ ಬಹಳ ಪ್ರಸಿದ್ಧ. ತಾಪಮಾನದ ಒಂದೇ ಸರಣಿಯನ್ನು ಬೇಕಾದಲ್ಲಿ ತುಂಡರಿಸಿ ಪ್ರತಿ ತುಂಡೂ ಇಳಿಯುತ್ತಿರುವಂತೆ ತೋರಿಸಬಹುದು ಎಂಬುದನ್ನು ಅದು ಕೆಲವೇ ಕ್ಷಣಗಳಲ್ಲಿ ಕಾಣಿಸುತ್ತದೆ, ಇಡೀ ಸರಣಿ ಮೇಲೇರುತ್ತಲೇ ಇರುತ್ತದೆ. ಶಾಂತಸಾಗರದ ನೀರನ್ನು ಬಿಸಿಯಾಗಿಸಿ ಜಗತ್ತಿನ ತಾಪಮಾನವನ್ನು ತಾತ್ಕಾಲಿಕವಾಗಿ ಏರಿಸುವ ಪ್ರಬಲ ಎಲ್‌ ನಿನೊ ಬಂದಿದ್ದ 1998ನ್ನೇ ಆರಂಭದ ವರ್ಷವಾಗಿ ಆಯ್ದುಕೊಂಡದ್ದು ಏಕೆಂದು ಆ ನಕ್ಷೆ ನೋಡಿದವರಿಗೆ ಬೇರೆ ವಿವರಿಸಬೇಕಿಲ್ಲ.

ಒಮ್ಮತದ ಪ್ರಶ್ನೆಯನ್ನು ಮಾತ್ರ ಎಚ್ಚರದಿಂದ ಎತ್ತಬೇಕು. ಕುಕ್ ಮತ್ತು ಸಂಗಡಿಗರು 2013ರಲ್ಲಿ 11,944 ಸಂಶೋಧನ ಪ್ರಬಂಧಗಳ ಸಾರಾಂಶಗಳನ್ನು ಪರಿಶೀಲಿಸಿ, ಬಿಸಿಯೇರಿಕೆಯ ಕಾರಣದ ಬಗ್ಗೆ ನಿಲುವು ತಾಳಿದವುಗಳಲ್ಲಿ ಶೇ 97ರಷ್ಟು ಮನುಷ್ಯನೇ ಕಾರಣನೆಂದು ಒಪ್ಪಿವೆ ಎಂದು ತೋರಿಸಿದರು. ಸುಮಾರು ಮೂರನೇ ಎರಡರಷ್ಟು ಸಾರಾಂಶಗಳು ಯಾವ ನಿಲುವನ್ನೂ ಹೇಳಿರಲಿಲ್ಲ ಎಂಬುದನ್ನು ಹಿಡಿದು ಸಂದೇಹವಾದಿಗಳು ವಾದಿಸುತ್ತಾರೆ. ಇತ್ಯರ್ಥವಾದ ವಿಷಯವನ್ನು ಪ್ರತಿ ಸಾರಾಂಶದಲ್ಲೂ ಯಾರೂ ಮತ್ತೆ ಹೇಳುವುದಿಲ್ಲ ಎಂಬ ತಾಣದ ಸಮಜಾಯಿಷಿ ಸರಿಯಾದದ್ದೇ. ಆದರೂ ಚರ್ಚೆಯನ್ನು ಈ ಸಂಖ್ಯೆಯಿಂದ ಆರಂಭಿಸಬಾರದೆಂದು ನನ್ನ ಅಭಿಪ್ರಾಯ. "ತಜ್ಞರು ಹೇಳಿದ್ದಾರೆ, ಒಪ್ಪಿಕೊಳ್ಳಿ" ಎಂಬ ಧ್ವನಿ ನಮ್ಮಲ್ಲಿ ಬೇಗ ಸಿಟ್ಟು ತರಿಸುತ್ತದೆ. ಕಾರ್ಬನ್-13ರಂಥ ಸಾಕ್ಷ್ಯ ಹಾಗೆ ಸಿಟ್ಟು ತರಿಸುವುದಿಲ್ಲ.

ತಾಣದ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಹಿಮಾಲಯದ ಹಿಮನದಿಗಳ ಪ್ರಕರಣ ತಕ್ಕದ್ದು, ಭಾರತೀಯ ಸಂದೇಹವಾದಿಗಳು ಮರೆಯದೆ ಎತ್ತುವ ಪ್ರಕರಣವೂ ಅದೇ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಕಣ್ಮರೆಯಾಗುವ ಸಂಭವವಿದೆ ಎಂಬ ಆಧಾರವಿಲ್ಲದ ಮಾತು ಸೇರಿಕೊಂಡಿತ್ತು. ಭಾರತದ ಭೂವಿಜ್ಞಾನಿ ವಿ. ಕೆ. ರೈನಾ ಅವರ 2009ರ ವರದಿ ಅದಕ್ಕೆ ವಿರುದ್ಧವಾದ ಚಿತ್ರ ಕೊಟ್ಟಾಗ ಐಪಿಸಿಸಿಯ ಅಂದಿನ ಅಧ್ಯಕ್ಷ ಆರ್. ಕೆ. ಪಚೌರಿ ಅದನ್ನು ಕಟುವಾಗಿ ಟೀಕಿಸಿದ್ದರು. 2010ರ ಜನವರಿಯಲ್ಲಿ ಐಪಿಸಿಸಿ ತನ್ನ ತಪ್ಪನ್ನು ಒಪ್ಪಿಕೊಂಡು ವಿಷಾದ ಸೂಚಿಸಬೇಕಾಯಿತು. ಸ್ಕೆಪ್ಟಿಕಲ್ ಸೈನ್ಸ್ ಈ ತಪ್ಪನ್ನು ಮುಚ್ಚಿಡುವುದಿಲ್ಲ. ವರದಿಯ ಪರಿಣಾಮಗಳ ಸಂಪುಟದಲ್ಲಿ ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾಗದ ಮೂಲವನ್ನು ನಂಬಿದ್ದರಿಂದ ಹೀಗಾಯಿತು, ಭೌತವಿಜ್ಞಾನದ ಸಂಪುಟದ ಹಿಮನದಿಗಳ ಭಾಗದಲ್ಲಿ ಈ ತಪ್ಪಿಲ್ಲ ಎಂದು ಬಿಡಿಸಿ ಹೇಳುತ್ತದೆ. ಪರ್ವತ ಪ್ರದೇಶಗಳ ಅಧ್ಯಯನ ನಡೆಸುವ ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಂದೂಕುಷ್ ಹಿಮಾಲಯದ ಹಿಮನದಿಗಳು 2011ರಿಂದ 2020ರ ನಡುವೆ ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ಹೆಚ್ಚು ವೇಗವಾಗಿ ಕರಗಿವೆ. ಎರಡನ್ನೂ ಒಟ್ಟಿಗೆ ಮುಂದಿಟ್ಟವರ ಮಾತಿಗೆ ಬೆಲೆ ಬರುತ್ತದೆ. 2035ರ ತಪ್ಪನ್ನು ಹೇಳದೆ ಜಾರಿಕೊಂಡವರನ್ನು ಮುಂದೆ ಯಾರೂ ನಂಬುವುದಿಲ್ಲ.

ಇನ್ನು ಕೊರತೆಗಳು. ಮೊದಲನೆಯದು ಹಳತಾದ ಪುಟಗಳು. ಆರಂಭಿಕ ಹಂತದ ಉತ್ತರಗಳನ್ನು ಈಚಿನ ವರ್ಷಗಳಲ್ಲಿ ಹೊಸದಾಗಿ ಬರೆಯುತ್ತಿದ್ದರೂ ಮೇಲಿನ ಹಂತಗಳಲ್ಲಿ ಹತ್ತು ವರ್ಷಕ್ಕೂ ಹಳೆಯ ನಕ್ಷೆಗಳು ಸಿಗುತ್ತವೆ. ಪುಟದ ದಿನಾಂಕ ನೋಡದೆ ನಕ್ಷೆಯನ್ನು ಹಂಚಬಾರದು.

ದೊಡ್ಡ ಕೊರತೆ ಇರುವುದು ಇಂಧನದ ವಿಷಯದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಸೇಬಿನ್ ಸೆಂಟರ್ 2024ರಲ್ಲಿ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ ಸೌರ, ಪವನ ವಿದ್ಯುತ್ತು ಮತ್ತು ವಿದ್ಯುತ್ ವಾಹನಗಳ ಕುರಿತ ಉತ್ತರಗಳನ್ನು ತಾಣ ಸೇರಿಸಿಕೊಂಡಿದೆ. ಆದರೆ ಅವುಗಳ ಉದಾಹರಣೆಗಳೆಲ್ಲ ಬಹುಪಾಲು ಅಮೆರಿಕದವು. ನಮ್ಮಲ್ಲಿ ಕೇಳುವ ಪ್ರಶ್ನೆ ಬೇರೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಕೈಗಾ ಅಣು ವಿದ್ಯುತ್ ಸ್ಥಾವರದ ನಾಲ್ಕು ಘಟಕಗಳದ್ದು ಒಟ್ಟು 880. ಹಾಗಿದ್ದರೆ ಪಾವಗಡವೇ ದೊಡ್ಡದಲ್ಲವೇ ಎಂದು ಸೌರ ವಿದ್ಯುತ್ತಿನ ಪರವಾಗಿರುವವರು ಉತ್ಸಾಹದಿಂದ ಹೇಳುವುದುಂಟು. ಆದರೆ ಸೌರಫಲಕಗಳು ರಾತ್ರಿ, ಮೋಡ ಎಲ್ಲ ಸೇರಿ ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಕಾಲು ಭಾಗದಷ್ಟು ಕೊಟ್ಟರೆ ಅದೇ ಹೆಚ್ಚು. ಕೈಗಾದ ಒಂದನೇ ಘಟಕವಾದರೋ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಪಾವಗಡಕ್ಕೆ ಶೇ 24, ಕೈಗಾಕ್ಕೆ ಶೇ 85 ಎಂದು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ಪಾವಗಡದಿಂದ ಸುಮಾರು 430 ಕೋಟಿ ಯೂನಿಟ್, ಕೈಗಾದಿಂದ ಸುಮಾರು 650 ಕೋಟಿ ಯೂನಿಟ್ ಬರುತ್ತದೆ. ಈ ಲೆಕ್ಕವನ್ನು ಮುಂದಿಡುವ ಸಂದೇಹವಾದಿ ಇಲ್ಲಿ ಸರಿಯಾಗಿಯೇ ಹೇಳುತ್ತಿದ್ದಾನೆ, ಮತ್ತು ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಉಳಿಸುವುದು ಹೇಗೆ ಎಂಬ ಮುಂದಿನ ಪ್ರಶ್ನೆ ಬಂದಾಗ ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಯ ವಿಚಾರ ಬರುತ್ತದೆ. ಸಿಂಗಳೀಕಗಳ ಕಾಡನ್ನು ಉಳಿಸಬೇಕೆಂದು ಅದನ್ನು ವಿರೋಧಿಸುವವರು ಹವಾಮಾನ ವಿಜ್ಞಾನವನ್ನು ಅಲ್ಲಗಳೆಯುವವರಲ್ಲ. ಇಂಥ ವಿಷಯದಲ್ಲಿ ಮಿಥ್ಯೆ ಮತ್ತು ಸತ್ಯ ಎಂದು ಎರಡೇ ಅಂಕಣ ಮಾಡಿ ಉತ್ತರ ಕೊಡಲಾಗದು, ಆದರೆ ತಾಣದ ಕ್ರಮವೇ ಅದು.

ಭಾರತದಲ್ಲಿ ನಾನು ಅತಿ ಹೆಚ್ಚು ಕೇಳುವ ಆಕ್ಷೇಪಣೆಗೆ ಈ ತಾಣದಲ್ಲಿ ತೃಪ್ತಿಕರ ಉತ್ತರ ನನಗೆ ಸಿಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಶ್ಚಿಮದವರು ಹೊಗೆ ಬಿಟ್ಟು ಈಗ ನಮ್ಮ ಕಲ್ಲಿದ್ದಲಿಗೆ ಅಡ್ಡಗಾಲು ಹಾಕುತ್ತಿದ್ದಾರೆ ಎಂಬುದು ಆ ಆಕ್ಷೇಪಣೆ. ಇದರ ಅರ್ಧ ಭಾಗ ನಿಜ. 1850ರಿಂದ ಈಚೆಗೆ ಪಳೆಯುಳಿಕೆ ಇಂಧನಗಳಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು, ಭಾರತದ್ದು ಶೇ 4ಕ್ಕೂ ಕಡಿಮೆ. ತಲಾವಾರು ಲೆಕ್ಕದಲ್ಲಿ ಅಮೆರಿಕದವರು ವರ್ಷಕ್ಕೆ ಸುಮಾರು 14 ಟನ್ ಬಿಟ್ಟರೆ ನಾವು ಸುಮಾರು 2 ಟನ್ ಬಿಡುತ್ತೇವೆ. ಆದರೆ ಯಾರು ಹೊಣೆ ಎಂಬ ನ್ಯಾಯದ ಪ್ರಶ್ನೆಗೆ ಏನೇ ಉತ್ತರವಿದ್ದರೂ ಬಿಸಿಯೇರುತ್ತಿದೆಯೇ ಎಂಬ ವಿಜ್ಞಾನದ ಪ್ರಶ್ನೆಯ ಉತ್ತರ ಬದಲಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸಿ, ಮೊದಲನೆಯದರಲ್ಲಿ ಅವರ ಜೊತೆಗೇ ನಿಂತು, ಎರಡನೆಯದನ್ನು ಚರ್ಚಿಸಿದಾಗ ಮಾತ್ರ ನಮ್ಮ ಗುಂಪಿನಲ್ಲಿ ಚರ್ಚೆ ಮುಂದೆ ಸಾಗಿದೆ.

ತಾಣದ ಜೊತೆಗೆ ಕುಕ್ ರೂಪಿಸಿರುವ ಕ್ರ್ಯಾಂಕಿ ಅಂಕಲ್ ಎಂಬ ಆಟವನ್ನೂ ನೋಡಬೇಕು. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಈ ಆಟದಲ್ಲಿ ಅವರೇ ಬರೆದ ವ್ಯಂಗ್ಯಚಿತ್ರದ ಸಿಡುಕು ಮುದುಕನೊಬ್ಬ ವಿಜ್ಞಾನವನ್ನು ಅಲ್ಲಗಳೆಯುವುದು ಹೇಗೆಂದು ಆಟಗಾರನಿಗೆ ಪಾಠ ಹೇಳುತ್ತಾನೆ: ಹುಸಿ ತಜ್ಞರನ್ನು ತೋರಿಸುವುದು, ತರ್ಕ ತಪ್ಪಿಸುವುದು, ಅಸಾಧ್ಯವಾದ ಪುರಾವೆ ಕೇಳುವುದು, ಬೇಕಾದ್ದನ್ನಷ್ಟೇ ಹೆಕ್ಕುವುದು, ಪಿತೂರಿಯ ಕಥೆ ಕಟ್ಟುವುದು. ದುರ್ಬಲಗೊಳಿಸಿದ ರೋಗಾಣುವಿನಿಂದ ಲಸಿಕೆ ಕೊಡುವಂತೆ ವಂಚನೆಯ ತಂತ್ರವನ್ನು ಮೊದಲೇ ಪರಿಚಯಿಸಿದರೆ ಮನಸ್ಸು ಅದನ್ನು ತಡೆಯುತ್ತದೆ ಎಂಬ, 1960ರ ದಶಕದಲ್ಲಿ ವಿಲಿಯಂ ಮೆಗೈರ್ ಮಂಡಿಸಿದ ಮನೋವೈಜ್ಞಾನಿಕ ವಿಚಾರ ಇದರ ತಳಹದಿ. ಪ್ರೌಢಶಾಲೆಯ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಿರಿಯರಿಗೆ ಕಳುಹಿಸುವುದು ಬೇಡ. ಆ ಸಿಡುಕು ಮುದುಕ ತಾನೇ ಎಂದು ಭಾವಿಸಿಕೊಂಡವರೊಡನೆ ಮತ್ತೆ ಮಾತು ಆರಂಭಿಸುವುದು ಕಷ್ಟ.

ಹೊಸದಾಗಿ ಬಳಸುವವರಿಗೆ ನನ್ನ ಸಲಹೆಯೆಂದರೆ ಕೊಂಡಿಯನ್ನಷ್ಟೇ ಕಳುಹಿಸಬೇಡಿ. ಆರಂಭಿಕ ಹಂತದ ಉತ್ತರವನ್ನು ಪೂರ್ತಿ ಓದಿ, ಅದರ ಸಾರವನ್ನು ನಿಮ್ಮದೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮೊದಲು ಸತ್ಯಾಂಶ, ಆಮೇಲೆ ತಪ್ಪು ಹೇಳಿಕೆ, ಅದರಲ್ಲಿರುವ ದೋಷ, ಕೊನೆಗೆ ಮತ್ತೆ ಸತ್ಯಾಂಶ ಎಂಬ ಕ್ರಮವನ್ನು ಇದೇ ತಂಡದ ಉಚಿತ ಕೈಪಿಡಿ ಶಿಫಾರಸು ಮಾಡುತ್ತದೆ, ವಾಟ್ಸ್‌ಆ್ಯಪ್‌ನಂಥ ಕಡೆ ಅದು ಸೊಗಸಾಗಿ ನಡೆಯುತ್ತದೆ. ಎದುರಿನವರು ಲೆಕ್ಕ ಬಲ್ಲವರಾದರೆ ಮಧ್ಯಮ ಹಂತದ ಪುಟವನ್ನೂ ಅದರಲ್ಲಿ ಉಲ್ಲೇಖಿಸಿರುವ ಮೂಲ ಪ್ರಬಂಧವನ್ನೂ ಒಟ್ಟಿಗೆ ಕೊಡಿ. ಸೌರ, ಪವನ, ಅಣು ವಿದ್ಯುತ್ತಿನ ಪ್ರಶ್ನೆ ಬಂದಾಗ ತಾಣವನ್ನು ಬದಿಗಿಟ್ಟು, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಉತ್ಪಾದನೆಯ ಅಂಕಿಅಂಶಗಳಿಂದ ಲೆಕ್ಕವನ್ನು ನೀವೇ ಮಾಡಿ ತೋರಿಸಿ.